ತೋಳಿಗೊಂದು ಕಾಯಿ, ಹೊಟ್ಟೆಗೊಂದು ಕಾಳು

ನಮ್ಮ ಅಡುಗೆಮನೆಯ ಮೇಲಿನ ಹಲಗೆಯ ಮೂಲೆಯಲ್ಲಿ ಒಂದು ಸ್ಟೀಲಿನ ಡಬ್ಬಿ ಇದೆ. ಅದರ ತುಂಬ ಹುರುಳಿ. ಅದನ್ನು ನಾನು ಬೇಯಿಸುವುದೂ ಇಲ್ಲ, ಯಾರಿಗೂ ಕೊಡುವುದೂ ಇಲ್ಲ, ಚೆಲ್ಲುವುದೂ ಇಲ್ಲ. ಮೊನ್ನೆ ಹುಣಸೆಹಣ್ಣು ಹುಡುಕುವಾಗ ಕೈ ತಾಗಿ ಒಳಗಿನ ಕಾಳು ಗಲಗಲ ಎಂದಿತು. ನನಗಂತೂ ಅದು ನಕ್ಕಂತೆಯೇ ಕೇಳಿಸಿತು. ಪಾಪ, ಹುರುಳಿಯ ತಪ್ಪೇನೂ ಇಲ್ಲ. ಎತ್ತಿಗೆ ಇಟ್ಟರೆ ಎತ್ತು ಗಟ್ಟಿಯಾಗುತ್ತದೆ, ಸಾರು ಮಾಡಿದರೆ ಅನ್ನ ನಾಲ್ಕು ತುತ್ತು ಹೆಚ್ಚು ಇಳಿಯುತ್ತದೆ. ಅದನ್ನು ಕರೆದು, ಕೂರಿಸಿ, ‘ಇವತ್ತಿನಿಂದ ನೀನು ಹೆಂಗಸರ ಹೊಟ್ಟೆಯ ಕೊಬ್ಬು ಮಾತ್ರ ಕರಗಿಸಬೇಕು, ಬೇರೆಲ್ಲೂ ಕೈ ಹಾಕಕೂಡದು’ ಎಂದು ಕೆಲಸ ಹಚ್ಚಿದವರು ಮನುಷ್ಯರು. ಆ ಮನುಷ್ಯರಲ್ಲಿ ನಾನೂ ಒಬ್ಬಳು.

ನಾನು ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ನಿವೃತ್ತಿಯಾದ ಮೇಲೆ ಪಾಠ ಹೇಳಿಸಿಕೊಳ್ಳುವ ಸರದಿ ಬಂತು. ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಹತ್ತಿರ ನಮ್ಮ ಮನೆ. ಮುಂಜಾನೆ ಎದ್ದು ಕೆರೆಯ ದಂಡೆಗೆ ನಡೆಯಲು ಹೋಗುವ ಹೆಂಗಸರ ಗುಂಪೊಂದಿದೆ. ಅದಕ್ಕೆ ಸುವರ್ಣಾ ಎಂಬುವವರು ಮುಖಂಡರು. ಯಾರೂ ಆರಿಸಿದ್ದಲ್ಲ, ಅವರ ಫೋನು ಎಲ್ಲರ ಫೋನಿಗಿಂತ ದೊಡ್ಡದು, ಅಷ್ಟೆ. ನಮ್ಮದು ನಡೆಯುವ ಗುಂಪಾದರೂ ನಡೆಯುವುದು ಕಡಿಮೆ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಸುವರ್ಣಾ ನಿಲ್ಲುತ್ತಾರೆ, ಫೋನು ಎತ್ತುತ್ತಾರೆ, ನಾವೆಲ್ಲ ಸುತ್ತ ನಿಂತು ಕತ್ತು ಚಾಚುತ್ತೇವೆ. ಅದರೊಳಗೆ ಬಿಳಿ ಕೋಟು ತೊಟ್ಟ ಒಬ್ಬ ಮನುಷ್ಯ ಕೈ ಬೀಸಿ ಬೀಸಿ ಮಾತಾಡುತ್ತಾನೆ. ಅವನು ಏನು ಓದಿದ್ದಾನೆ, ಎಲ್ಲಿಯವನು ಎಂದು ಒಬ್ಬರೂ ಕೇಳಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ‘ಪ್ರಶ್ನೆ ಕೇಳಿರಿ, ಪ್ರಶ್ನೆ ಕೇಳಿರಿ’ ಎಂದು ಗಂಟಲು ಹರಿದುಕೊಂಡ ನಾನೂ ಕೇಳಲಿಲ್ಲ.

“ಬರಕೋರಿ ಟೀಚರ್,” ಎನ್ನುವರು ಸುವರ್ಣಾ. “ಹೊಟ್ಟಿಗಿ ಹುರುಳಿ ನೀರು. ತೋಳಿಗಿ ಸೌತಿಕಾಯಿ. ತೊಡಿಗಿ ಸೋರೆಕಾಯಿ ರಸ. ಗದ್ದದ ಕೆಳಗ ಜೋತಿದ್ದಕ್ಕ ದಾಲ್ಚಿನ್ನಿ.”

ನಾನು ಬರೆದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಂದವಾಗಿ, ಗೆರೆ ಹಾಕಿ ಬರೆದುಕೊಂಡೆ.

ನೀವೇ ಹೇಳಿ, ಸೌತೆಕಾಯಿ ಗಂಟಲಿನಿಂದ ಕೆಳಗಿಳಿಯುತ್ತದೆ. ಹೊಟ್ಟೆಯಲ್ಲಿ ಅದಕ್ಕಿಂತ ಮೊದಲು ಇಳಿದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ಕಲಸಿ ಕೂತಿರುತ್ತವೆ. ಅಲ್ಲಿ ಅರೆದು ನೀರಾದ ಮೇಲೆ ಸೌತೆಕಾಯಿಗೆ ತಾನು ಸೌತೆಕಾಯಿ ಎನ್ನುವುದೇ ನೆನಪಿರುವುದಿಲ್ಲ. ಹಾಗಿರುವಾಗ ಅದು ಎದ್ದು, ಮೈ ಕೊಡವಿ, ದಾರಿ ಕೇಳುತ್ತ ಹೋಗಿ ನನ್ನ ಎರಡೂ ತೋಳುಗಳನ್ನು ಹುಡುಕಿ, ಅಲ್ಲಿಯ ಕೊಬ್ಬನ್ನಷ್ಟೇ ಕೆರೆದು ಬರಬೇಕಂತೆ! ನಡುವೆ ಸಿಕ್ಕ ಕುತ್ತಿಗೆಯನ್ನು ಮುಟ್ಟಬಾರದಂತೆ! ನಾಲ್ಕನೆಯ ಇಯತ್ತೆಯ ಹುಡುಗ ಹೀಗೆ ಉತ್ತರ ಬರೆದಿದ್ದರೆ ಕಿವಿ ಹಿಂಡುತ್ತಿದ್ದೆ. ಆದರೆ ನನ್ನ ತೋಳಿನ ವಿಷಯ ಬಂದಾಗ ನನ್ನ ಬುದ್ಧಿ ಆ ಹುಡುಗನಿಗಿಂತ ಎರಡು ತರಗತಿ ಕೆಳಗೆ ಹೋಗಿತ್ತು. ತೋಳು ದಪ್ಪವಾಗಿದೆ ಎನ್ನುವುದು ಇಪ್ಪತ್ತು ವರ್ಷದ ನನ್ನ ಕೊರಗು. ಕರಿಹಲಗೆಯ ಮೇಲೆ ಬರೆಯುವಾಗ ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಇಪ್ಪತ್ತೊಂದು ದಿನ ಸೌತೆಕಾಯಿ ತಿಂದೆ. ನೆಗಡಿ ಬಂತು. ತೋಳು ಇದ್ದಲ್ಲೇ ಇತ್ತು.

ನಮ್ಮ ಮನೆಯವರು ಅಂಚೆಯಲ್ಲಿ ಕಾಗದ ಹಂಚುವ ಕೆಲಸದಲ್ಲಿದ್ದು ನಿವೃತ್ತರಾದವರು. ಮಾತು ಕಡಿಮೆ. ಆಡಿದರೆ ಮಾತ್ರ ಚುಚ್ಚುತ್ತದೆ. ನಾನು ಸೌತೆಕಾಯಿ ಹೆಚ್ಚುತ್ತ ಕೂತಾಗ ಒಮ್ಮೆ ಪೇಪರಿನಿಂದ ತಲೆ ಎತ್ತಿ ಕೇಳಿದರು:

“ನಾ ಇಷ್ಟು ವರ್ಷ ಕಾಗದ ಹಂಚೀನಿ. ಪತ್ತಾ ಇಲ್ಲದ್ದು ಎಲ್ಲೀಗೂ ಮುಟ್ಟಂಗಿಲ್ಲ. ಆ ಸೌತಿಕಾಯಿಗಿ ನಿನ್ನ ತೋಳಿನ ಪತ್ತಾ ಯಾರು ಬರದು ಕೊಟ್ಟಾರ?”

“ನಿಮಗೇನು ತಿಳೀತದ? ಸುಮ್ನ ಚಾ ಕುಡೀರಿ,” ಎಂದೆ. ಉತ್ತರ ಇಲ್ಲದವರು ಆಡುವ ಮಾತೇ ಅದು. ಆಗ ನನಗೆ ಗೊತ್ತಾಗಲಿಲ್ಲ.

ಒಂದು ಸಂಜೆ ಜಗತ್ ಸರ್ಕಲ್ಲಿನ ಹತ್ತಿರ ದಾರ, ಗುಂಡಿ ತರಲು ಹೋಗಿದ್ದೆ. ಆ ಗದ್ದಲದ ನಡುವೆ, ಬಂಡಿಯೊಂದರ ಮರೆಯಲ್ಲಿ, ಸುವರ್ಣಾ ನಿಂತಿದ್ದರು. ಕೈಯಲ್ಲಿ ಕಾಗದದ ಪೊಟ್ಟಣ, ಪೊಟ್ಟಣದಲ್ಲಿ ಬಿಸಿಬಿಸಿ ಮಿರ್ಚಿ ಭಜಿ. ನನ್ನನ್ನು ಕಂಡು ಅರ್ಧ ಮಿರ್ಚಿ ಬಾಯಲ್ಲೇ ನಿಂತಿತು.

“ಇದು ಯಾವ ಅಂಗಕ್ಕರೀ?” ಎಂದು ಕೇಳಿದೆ.

ಅವರು ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡು, “ಇದು ನಾಲಿಗಿಗ್ರೀ ಟೀಚರ್. ತೊಗೋರಿ, ಒಂದು ನೀವೂ ತೊಗೋರಿ,” ಎಂದರು. ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ. ಆದರೂ ಇವತ್ತಿಗೂ ಅನ್ನುತ್ತೇನೆ, ಅವರ ಬಾಯಿಂದ ಬಂದ ಒಂದೇ ಒಂದು ಸತ್ಯವಾದ ಮಾತು ಅದು. ನಾನೂ ಎರಡು ತಿಂದೆ.

ಇಷ್ಟೇ ಆಗಿದ್ದರೆ ಇದನ್ನೆಲ್ಲ ನಗೆಮಾತಾಗಿ ಬಿಡಬಹುದಿತ್ತು. ನನ್ನ ತೋಳು, ನನ್ನ ನೆಗಡಿ. ಆದರೆ ಮಾಸ್ತರಿಕೆ ಮಾಡಿದವರಿಗೆ ಒಂದು ರೋಗವಿರುತ್ತದೆ. ತಾವು ಕಲಿತದ್ದು ಅರ್ಧವಾಗಿರಲಿ, ತಪ್ಪಾಗಿರಲಿ, ಇನ್ನೊಬ್ಬರಿಗೆ ಕಲಿಸದೆ ಇರಲಾರರು.

ನನ್ನ ತಂಗಿ ಮಹಾದೇವಿ ಇರುವುದು ಕಮಲಾಪುರದಲ್ಲಿ. ಅವಳ ಗಂಡನಿಗೆ ಮಹಾಗಾಂವದ ಕಡೆ ಸ್ವಲ್ಪ ಹೊಲ, ಕಮಲಾಪುರದಲ್ಲಿ ಒಂದು ಚೂರು ಬಾಳೆಯ ತೋಟ. ಕಮಲಾಪುರದ ಕೆಂಪು ಬಾಳೆಯ ಬಗ್ಗೆ ನಾನು ನಿಮಗೆ ಹೇಳಬೇಕಾಗಿಲ್ಲ. ಮೂಗಿನ ಹತ್ತಿರ ತಂದರೇ ಸಾಕು, ತಿಂದಷ್ಟು ಸುಖ. ನಾನು ಎಂಟು ವರ್ಷದವಳಿದ್ದಾಗ ಅವಳು ಹುಟ್ಟಿದಳು. ಎತ್ತಿ ಆಡಿಸಿದವಳು ನಾನು, ಅಕ್ಷರ ತಿದ್ದಿಸಿದವಳು ನಾನು, ಅವ್ವ ಹೋದ ಮೇಲೆ ಅವ್ವನಂತೆ ಹೇಳುವವಳೂ ನಾನೇ. ನಾನು ಹೇಳಿದ್ದನ್ನು ಅವಳು ಯಾಕೆ ಎಂದು ಕೇಳುವುದಿಲ್ಲ. ಇದನ್ನು ನಾನು ಹೆಮ್ಮೆ ಎಂದುಕೊಂಡಿದ್ದೆ.

ದಸರೆಯಲ್ಲಿ ಬನ್ನಿ ಕೊಡಲು ಬಂದವಳು ಹೋಗುವ ಹೊತ್ತಿಗೆ ಮೆಲ್ಲಗೆ ಹೇಳಿದಳು:

“ಅಕ್ಕಾ, ಯಾಕೋ ಹೊಟ್ಟಿ ಭಾಳ ಮುಂದ ಬಂದದ. ಪರಕಾರದ ಲಾಡಿ ಸಾಲವಲ್ದು. ಮಂದಿ ನೋಡಿ ನಗಾಕತ್ತಾರ.”

ನಾನು ಒಳಗೆ ಹೋಗಿ ಆ ಗೆರೆ ಹಾಕಿದ ವಹಿ ತಂದೆ. ಮುಂಜಾನೆ ಹಸಿದ ಹೊಟ್ಟೆಗೆ ಹುರುಳಿ ಬೇಯಿಸಿದ ನೀರು. ಮಧ್ಯಾಹ್ನ ಒಂದೇ ಒಂದು ರೊಟ್ಟಿ. ರಾತ್ರಿ ಮತ್ತೆ ಹುರುಳಿ ನೀರು. ಬಾಳೆಹಣ್ಣು ಮುಟ್ಟಕೂಡದು.

“ನಮ್ಮ ತೋಟದ ಹಣ್ಣೂ ಬ್ಯಾಡೇನಕ್ಕಾ?”

“ಬ್ಯಾಡ. ಕೆಂಪು ಬಾಳಿಹಣ್ಣು ಸೀದಾ ನಡಕ್ಕ ಹೋಗಿ ಕುಂದರ್ತದಂತ.”

ಮುಂದಿನ ವಾರವೇ ಅದೇ ಫೋನಿನ ಅದೇ ಬಿಳಿ ಕೋಟಿನವನು ಕೆಂಪು ಬಾಳೆಹಣ್ಣು ನಡುವಿನ ಕೊಬ್ಬನ್ನು ಓಡಿಸುತ್ತದೆ ಎಂದ. ನಾನು ತಂಗಿಗೆ ಅದನ್ನು ತಿಳಿಸಲಿಲ್ಲ. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಹಿರಿತನಕ್ಕೆ ಕುಂದಲ್ಲವೇ? ಅವಳಿಗೊಂದು ಡಬ್ಬಿ, ನನಗೊಂದು ಡಬ್ಬಿ ಹುರುಳಿ ತಂದಿದ್ದೆ. ಅವಳದು ತೀರಿತು. ನನ್ನದು ಹಲಗೆಯ ಮೇಲೆ ಉಳಿಯಿತು, ಯಾಕೆಂದರೆ ಆ ನೀರಿನ ವಾಸನೆಗೆ ನನಗೆ ಎರಡನೆಯ ದಿನವೇ ಸಾಕಾಗಿತ್ತು. ನೋಡಿ, ಹೇಳಿದವಳು ಎರಡು ದಿನ ಕುಡಿದಳು, ಕೇಳಿದವಳು ಮೂರು ತಿಂಗಳು ಕುಡಿದಳು.

ಎಳ್ಳಮಾವಾಸ್ಯೆಗೆ ಅವರ ಹೊಲಕ್ಕೆ ಹೋದೆವು. ಆ ದಿನ ನಮ್ಮ ಕಡೆ ಮನೆಯಲ್ಲಿ ಉಣ್ಣುವುದು ಅಪರಾಧ. ಜೋಳ ಎದೆಯ ಮಟ್ಟ ನಿಂತಿತ್ತು, ತೊಗರಿ ಕಾಯಿ ಹಿಡಿದಿತ್ತು. ಭೂತಾಯಿಗೆ ಎಡೆಯ ಅನ್ನ ಎರಚಿ, ಚರಗ ಚೆಲ್ಲಿ ಬಂದು ಎಲ್ಲರೂ ಬೇವಿನ ಗಿಡದ ನೆರಳಿಗೆ ಕೂತರು. ಹತ್ತು ಥರದ ಕಾಳು, ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆಯ ಕಡಬು, ಅಂಬಲಿ, ಶೇಂಗಾ ಹೋಳಿಗೆ. ವರ್ಷಕ್ಕೊಮ್ಮೆ ಬರುವ ಊಟ. ಮಹಾದೇವಿ ಎಲ್ಲರಿಗೂ ಬಡಿಸಿದಳು. ಬಡಿಸಿ, ಒಂದು ಬದಿಗೆ ಕೂತು, ಬಾಟಲಿ ತೆಗೆದು ಹುರುಳಿ ನೀರು ಕುಡಿದಳು. ಅವಳ ಅತ್ತೆ, “ಇವತ್ತರ ಒಂದು ಕಡಬು ತಿನ್ನವ್ವಾ, ಹೊಲ್ದಾಗ ಉಪಾಸ ಕುಂದರಬಾರ್ದು,” ಎಂದು ಕೈ ಹಿಡಿದರು. ಅವಳು ನನ್ನ ಕಡೆ ನೋಡಿದಳು. ನಾನು ತಲೆ ಅಲ್ಲಾಡಿಸಿ ಬೇಡವೆಂದೆ. ಬಾಯಿತುಂಬ ಕಡಬು ಇಟ್ಟುಕೊಂಡೇ ಬೇಡವೆಂದೆ.

ಅವಳು ಬಗ್ಗಿದಾಗ ಜಂಪರಿನ ತೋಳು ಸಡಿಲಾಗಿ ಮೊಳಕೈತನಕ ಜಾರಿತು. ನನಗೆ ಎಲ್ಲಿಲ್ಲದ ಸಂಭ್ರಮ.

“ನೋಡ್ರಿ, ನೋಡ್ರಿ! ತೋಳು ಹ್ಯಾಂಗ ಕರಗ್ಯಾವ! ಹೊಟ್ಟಿ ಅಂದ್ರ ಹಟಮಾರಿ, ಅದು ಕಡೀಗಿ ಕರಗ್ತದ.”

ನಮ್ಮ ಮನೆಯವರು ಅಂಬಲಿಯ ಲೋಟ ಕೆಳಗಿಟ್ಟರು. “ನೀ ಪತ್ತಾ ಬರದಿದ್ದು ಹೊಟ್ಟೀದು. ಕಾಗದ ತೋಳಿಗ್ಯಾಕ ಮುಟ್ಟ್ಯಾದ?”

ಎಲ್ಲರೂ ನಕ್ಕರು. ಮಹಾದೇವಿಯೂ ನಕ್ಕಳು, ಪಕ್ಕೆಲುಬಿನ ಕೆಳಗೆ ಕೈ ಒತ್ತಿ ಹಿಡಿದು ನಕ್ಕಳು. ಆ ಕೈಯನ್ನು ನಾನು ನೋಡಿದೆ. ನಗೆ ಹೆಚ್ಚಾಗಿ ನೋವು ಬಂತೇನೋ ಎಂದುಕೊಂಡು ಇನ್ನೊಂದು ಹೋಳಿಗೆಗೆ ಕೈ ಹಾಕಿದೆ.

ಇಲ್ಲಿ ನಮ್ಮಪ್ಪನ ಮಾತು ಹೇಳಬೇಕು. ಅಪ್ಪ ಕಮಲಾಪುರದಲ್ಲಿ ದರ್ಜಿ. ಹೆಂಗಸರ ಜಂಪರ್, ಪರಕಾರ ಹೊಲಿಯುವುದರಲ್ಲಿ ಸುತ್ತಲಿನ ಊರಿಗೆಲ್ಲ ಹೆಸರು. ಆದರೆ ಅಪ್ಪ ಯಾವ ಹೆಂಗಸಿನ ಮೈಗೂ ಟೇಪು ಹಿಡಿದವನಲ್ಲ. ಅಂಗಡಿಯ ಹಿಂದೆ ಒಂದು ಪರದೆ. ಪರದೆಯ ಆಚೆ ಅವ್ವ ಅಳತೆ ತೆಗೆದು ಅಂಕಿ ಕೂಗುತ್ತಿದ್ದಳು, ಈಚೆ ಅಪ್ಪ ಗೋಡೆಯ ಕಡೆ ಮುಖ ಮಾಡಿ ಕೂತು ಕೇಳುತ್ತಿದ್ದ, ನಾನು ವಹಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಮದುವೆಯ ಜಂಪರಿನಿಂದ ಹಿಡಿದು ಮೊಮ್ಮಕ್ಕಳ ಕಾಲದ ಜಂಪರಿನತನಕ ಅಳತೆಗಳು ಒಂದರ ಕೆಳಗೊಂದು. ದಾರಿಯಲ್ಲಿ ಎದುರಾದರೆ ಅಪ್ಪನಿಗೆ ಅರ್ಧ ಹೆಂಗಸರ ಗುರುತು ಹತ್ತುತ್ತಿರಲಿಲ್ಲ. ಅವನಿಗೆ ಅವರು ಗೊತ್ತಿದ್ದದ್ದು ಅಂಕಿಗಳಲ್ಲಿ.

“ನಡಾ ಸಣ್ಣ ಕಾಣಂಗ ಹೊಲೀರಿ ಮಾಮಾ,” ಎಂದು ಮದುವೆ ಹುಡುಗಿಯರು ಪರದೆಯ ಆಚೆಯಿಂದ ಕೂಗುವರು.

“ಅರಿವಿ ಎಲ್ಲಿ ಹಿಡಿ ಅಂದ್ರ ಅಲ್ಲಿ ಹಿಡೀತೀನವ್ವಾ,” ಎನ್ನುವನು ಅಪ್ಪ. “ಮೈ ಮಾತ್ರ ಒಂದೇ ಕಡಿ ಹಿಡಿಯಾಕ ಬರಂಗಿಲ್ಲ. ಇಳದ್ರ ಎಲ್ಲಾ ಕಡಿ ಇಳೀತದ, ಏರಿದ್ರ ಎಲ್ಲಾ ಕಡಿ ಏರ್ತದ.”

ಏಳನೆಯ ಇಯತ್ತೆಯನ್ನೂ ಮುಗಿಸದ ಮನುಷ್ಯನ ಮಾತು ಅದು. ಬಿಳಿ ಕೋಟು ಇರಲಿಲ್ಲ. ಕೊರಳಲ್ಲಿ ಒಂದು ಟೇಪು ಇತ್ತು.

ನನಗೆ ಹತ್ತು ವರ್ಷವಿದ್ದಾಗ ಮಹಾಗಾಂವದಿಂದ ಒಬ್ಬ ಹೆಂಗಸು ಬಂದಿದ್ದಳು. ಅವ್ವ ಅಂಕಿ ಕೂಗಿದಳು, ನಾನು ಬರೆದೆ. ಅಪ್ಪ ವಹಿ ಎಳೆದುಕೊಂಡು ನೋಡಿದ, ಹಿಂದಿನ ಸಲದ್ದನ್ನು ನೋಡಿದ, ಮತ್ತೊಮ್ಮೆ ಅಳೆಯಲು ಹೇಳಿದ. ಅದೇ ಅಂಕಿ ಬಂತು. ಆಮೇಲೆ ಅವ್ವನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದ:

“ತೋಳು ಒಣಗ್ಯಾವ, ಹೊಟ್ಟಿ ಅಷ್ಟೇ ಬೆಳದದ. ಅದು ಉಂಡು ಬೆಳದಿದ್ದಲ್ಲ. ಜಂಪರ್ ಆಮ್ಯಾಲ ಹೊಲಿಯೋಣು, ಮೊದಲ ಕಲಬುರಗಿ ದವಾಖಾನಿಗಿ ಹೋಗಾಕ ಹೇಳು.”

ಆ ಹೆಂಗಸು ಹೋದಳು, ತಿಂಗಳು ಬಿಟ್ಟು ಬದುಕಿ ಬಂದಳು. ಆಮೇಲೆ ವರ್ಷವರ್ಷವೂ ನಮ್ಮ ಮನೆಗೆ ಅವಳ ಹೊಲದ ಸೀತನಿ, ಸುಟ್ಟ ಎಳೆಜೋಳದ ಕಾಳು, ಬರುತ್ತಿತ್ತು. ಆ ಸೀತನಿಯ ರುಚಿ ನನಗೆ ನೆನಪಿತ್ತು. ಅದು ಯಾಕೆ ಬರುತ್ತಿತ್ತು ಎನ್ನುವುದನ್ನು ಮರೆತಿದ್ದೆ.

ಸಂಕ್ರಮಣದ ಮುಂದೆ ಕಮಲಾಪುರಕ್ಕೆ ಹೋದೆ. ಅಪ್ಪನ ಹೊಲಿಗೆ ಮಷಿನ್ ಈಗ ತಂಗಿಯ ಮನೆಯಲ್ಲಿದೆ. ಸಡಿಲಾದ ಅವಳ ಜಂಪರುಗಳನ್ನು ಹೊಲಿಗೆ ಹಿಡಿದು ಬಿಗಿ ಮಾಡಿಕೊಡುತ್ತೇನೆ ಎಂದು ಬೀಗುತ್ತ ಕೂತೆ. ನನ್ನ ಔಷಧದ ಪ್ರತಾಪ ನಾನೇ ನೋಡಬೇಕಲ್ಲ! ಮಷಿನ್ನಿನ ಖಾನೆ ಎಳೆದರೆ ಅಪ್ಪನ ಹಳದಿ ಟೇಪು, ಕೆಳಗೆ ಆ ಹಳೆಯ ವಹಿ. ಹೆಣ್ಣುಮಕ್ಕಳಿಬ್ಬರಿಗೂ ಒಂದೊಂದು ಪುಟ. ಮಹಾದೇವಿಯ ಪುಟದಲ್ಲಿ ಕೊನೆಯ ಸಾಲು ಅಪ್ಪ ತೀರಿಕೊಂಡ ವರ್ಷದ್ದು, ನಡುಗುವ ಕೈಯದು.

“ಬರಕೋ,” ಎಂದು ಪೆನ್ಸಿಲನ್ನು ಅವಳ ಕೈಗೆ ಕೊಟ್ಟು, ಅವ್ವನ ಹಾಗೆ ಕೂಗತೊಡಗಿದೆ. ಕುತ್ತಿಗೆ, ಬೆನ್ನು, ಎದೆ ಮುಗಿದವು. ತೋಳು ಹತ್ತು. ಹೊಟ್ಟೆ ಮೂವತ್ತೊಂಬತ್ತು.

ಬಗ್ಗಿ ವಹಿ ನೋಡಿದೆ. ಮೇಲೆ ಅಪ್ಪನ ಸಾಲು, ತೋಳು ಹನ್ನೆರಡು, ಹೊಟ್ಟೆ ಮೂವತ್ತಮೂರು. ಕೆಳಗೆ ಅವಳ ಸಾಲು. ಮತ್ತೊಮ್ಮೆ ಅಳೆದೆ. ಅದೇ ಬಂತು. ಅವಳ ಕುತ್ತಿಗೆಯ ಎಲುಬು, ಒಳಗೆ ಹೋದ ಕೆನ್ನೆ, ಎಲ್ಲ ಆಗ ಕಂಡಿತು ನನಗೆ. ಕಣ್ಣು ಮೊದಲೂ ಇದ್ದವು. ಮೂರು ತಿಂಗಳು ಉಪವಾಸ ಬಿದ್ದ ಮೈ ತನ್ನ ಕೊಬ್ಬನ್ನು ಸಿಕ್ಕಸಿಕ್ಕಲ್ಲಿ ತಿಂದುಕೊಂಡಿತ್ತು. ಹೊಟ್ಟೆ ಇಳಿಯಲಿಲ್ಲ, ಯಾಕೆಂದರೆ ಅಲ್ಲಿದ್ದದ್ದು ಕೊಬ್ಬೇ ಅಲ್ಲ.

“ಯಾಕಕ್ಕಾ, ತಪ್ಪು ಬರದೀನೇನು?” ಎಂದು ಮಹಾದೇವಿ ಕೇಳಿದಳು.

“ನೀ ಖರೇ ಬರದಿ. ತಪ್ಪು ನಂದದ. ಏಳು, ಸೀರಿ ಉಟ್ಕೋ, ಕಲಬುರಗಿಗಿ ಹೋಗೋಣು,” ಎಂದೆ. ಆಗಲೂ ಅವಳು ಯಾಕೆ ಎಂದು ಕೇಳಲಿಲ್ಲ. ಬಸ್ಸಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಅವಳೇ ನನ್ನ ಬೆನ್ನು ಸವರಿದಳು.

ದವಾಖಾನೆಯಲ್ಲಿದ್ದ ಡಾಕ್ಟರಮ್ಮ ಉರ್ದು ಮನೆಮಾತಿನವರು, ಕನ್ನಡ ನಮ್ಮಷ್ಟೇ ಚಂದ ಆಡುತ್ತಾರೆ. ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಮಷಿನ್ ಇಟ್ಟು ನೋಡಿ, ಅಂಡಾಶಯದಲ್ಲಿ ದೊಡ್ಡ ಗಡ್ಡೆ ಇದೆ ಎಂದರು.

“ಎಷ್ಟ್ ದಿನಾ ಆತ್ರೀ ಹೊಟ್ಟಿ ಬಂದು?”

“ದಸರಾಕ್ಕಿಂತ ಮೊದಲ್ರಿ,” ಎಂದಳು ಮಹಾದೇವಿ.

“ಇಷ್ಟ್ ದಿನಾ ಏನ್ ಮಾಡಿದ್ರಿ?”

ನಾನು ನೆಲ ನೋಡಿದೆ. “ಹುರುಳಿ ನೀರು ಕುಡಿಸೀನ್ರಿ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಯಾ ಅಲ್ಲಾ! ಗಡ್ಡಿಗಿ ಹುರುಳಿ? ನೀವು ಏನ್ ಕೆಲಸ ಮಾಡ್ತಿದ್ರಿ?”

“ಟೀಚರ್ ಇದ್ದೇನ್ರಿ.”

ಅವರು ಕನ್ನಡಕ ಮತ್ತೆ ಹಾಕಿಕೊಂಡು ಚೀಟಿ ಬರೆಯತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು. ಅಷ್ಟೊಂದು ಸೊರಗಿದ ಮೈಗೆ ಒಮ್ಮೆಲೇ ಆಪರೇಷನ್ ಮಾಡಲು ಬರುವುದಿಲ್ಲ, ಮೊದಲು ರಕ್ತ ಕೂಡಬೇಕು, ಊಟ ಹಾಕಿ ಎಂದು, ಸುದ್ದಿ ಕೇಳಿ ಓಡಿ ಬಂದ ಮಹಾದೇವಿಯ ಗಂಡನಿಗೆ ಹೇಳಿದರು. ನನಗೆ ಹೇಳಲಿಲ್ಲ. ಊಟದ ವಿಷಯದಲ್ಲಿ ನನ್ನ ಯೋಗ್ಯತೆ ಅವರಿಗೆ ತಿಳಿದಿತ್ತು.

ಆಪರೇಷನ್ ಆಯಿತು. ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದರು, ಕೆಟ್ಟದ್ದೋ ಅಲ್ಲವೋ ತಿಳಿಯಲು ಎಂಟು ದಿನ ಕಾಯಬೇಕೆಂದರು. ಆ ಎಂಟು ದಿನ ನಾನು ಏನು ತಿಂದೆ, ಅದು ನನ್ನ ಯಾವ ಅಂಗಕ್ಕೆ ಹೋಯಿತು ಎಂದು ದಯವಿಟ್ಟು ಕೇಳಬೇಡಿ. ಒಂಬತ್ತನೆಯ ದಿನ ಡಾಕ್ಟರಮ್ಮ ಕಾಗದ ಓದಿ, “ಕೆಟ್ಟದ್ದಲ್ರೀ. ನಿಮ್ಮ ನಸೀಬು ಚಲೋ ಅದ,” ಎಂದರು. ನಸೀಬೇ ಚಲೋ ಇತ್ತು, ಬುದ್ಧಿ ಅಲ್ಲ.

ಬಹಳ ದಿನಗಳ ಮೇಲೆ ಕೆರೆಯ ದಂಡೆಗೆ ಹೋದೆ. ಸುವರ್ಣಾ ದೂರದಿಂದಲೇ ಕೈ ಎತ್ತಿ ಓಡಿ ಬಂದರು. ಅವರು ಓಡಿದ್ದನ್ನು ನೋಡಿದ್ದು ಅದೊಂದೇ ಸಲ.

“ಟೀಚರ್, ನಿಮ್ಮ ತಂಗಿ ಹೊಟ್ಟಿ ಪೂರಾ ಇಳದದಂತಲ್ರೀ! ಹುರುಳಿನೇ ಅಲ್ರೀ? ಫೋನಿನಾಗ ಎರಡು ಮಾತು ಹೇಳ್ರಿ, ಮಂದಿಗಿ ಉಪಯೋಗ ಆಗ್ತದ.”

ಫೋನು ನನ್ನ ಮುಖದ ಮುಂದೆ ಹಿಡಿದರು. ಹೇಳಿದೆ. ಹುರುಳಿ, ಸಡಿಲಾದ ತೋಳು, ಹೊಲದಲ್ಲಿ ನಾನು ಬಾಯಿತುಂಬ ಕಡಬು ಇಟ್ಟುಕೊಂಡು ಬೇಡವೆಂದದ್ದು, ಗಡ್ಡೆ, ಎಂಟು ದಿನ, ಯಾವುದನ್ನೂ ಬಿಡಲಿಲ್ಲ. ಅವರ ಕೈ ಮೆಲ್ಲಗೆ ಕೆಳಗಿಳಿಯಿತು. ಸುತ್ತ ನಿಂತವರು ನೆಲ ನೋಡಿದರು. ನಾನು ಹೇಳಿದ್ದು ಫೋನಿನ ಗುಂಪಿಗೆ ಬರಲಿಲ್ಲ. ಮರುದಿನ ಬಂದದ್ದು ಸೀಬೆಹಣ್ಣಿನ ಎಲೆಯ ಕಷಾಯ, ಬೆನ್ನಿನ ಕೊಬ್ಬಿಗೆ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಕಾಣದ ಬೆನ್ನಿಗೂ ಔಷಧ ಹುಡುಕಿಕೊಂಡಿದ್ದಾರೆ ನಮ್ಮ ಜನ. ನಾನೀಗ ಒಬ್ಬಳೇ ನಡೆಯುತ್ತೇನೆ. ನಿಲ್ಲುವವರಿಲ್ಲದ್ದರಿಂದ ಕೆರೆ ಎರಡು ಸುತ್ತಾಗುತ್ತದೆ.

ಯುಗಾದಿಗೆ ಕಮಲಾಪುರಕ್ಕೆ ಹೋದಾಗ ಮಹಾದೇವಿ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ತೋಟದ ಒಂದು ಚಿಪ್ಪು ಕೆಂಪು ಬಾಳೆಹಣ್ಣು. ನನ್ನನ್ನು ಕಂಡು ಕೈಯಲ್ಲಿದ್ದ ಹಣ್ಣನ್ನು ಸೆರಗಿನ ಮರೆಗೆ ಸರಿಸಿದಳು. ಈ ವಯಸ್ಸಿನಲ್ಲಿ, ತನ್ನದೇ ತೋಟದ ಹಣ್ಣನ್ನು, ನನಗೆ ಹೆದರಿ. ಅದನ್ನು ನೋಡಿ ನನ್ನ ಮೇಲೆ ನನಗೇ ಹೇಸಿಗೆ ಬಂತು.

ಒಳಗೆ ಹೋಗಿ ಟೇಪು, ವಹಿ ತಂದೆ. ಅವಳ ಕೈಗೆ ಪೆನ್ಸಿಲ್ ಕೊಟ್ಟೆ. ತೋಳಿಗೆ ಟೇಪು ಸುತ್ತಿದೆ. ಹತ್ತೂವರೆ. ಕುತ್ತಿಗೆ ಸುತ್ತಿದೆ, ಅಲ್ಲೂ ಒಂದಿಷ್ಟು. ಬೆನ್ನು, ಎದೆ, ಎಲ್ಲ ಕಡೆ ಕಾಲಿಂಚು, ಅರ್ಧ ಇಂಚು ಹೆಚ್ಚು.

“ಎಲ್ಲಿ ಹೆಚ್ಚಾಗ್ಯಾದಕ್ಕಾ?” ಎಂದು ಅವಳು ಅಂಜುತ್ತ ಕೇಳಿದಳು.

“ಎಲ್ಲಾ ಕಡಿ.”

“ಅಯ್ಯ, ಹಂಗಂದ್ರ ದಪ್ಪ ಆಗಾಕತ್ತೀನಿ ಅನ್ನು.”

“ಆಗು,” ಎಂದೆ. “ದೊಡ್ಡ ಅಕ್ಷರದಾಗ ಬರಿ.”

ಅವಳು ಬರೆಯುತ್ತಿದ್ದಾಗ ಚಿಪ್ಪಿನಿಂದ ಇನ್ನೊಂದು ಹಣ್ಣು ಮುರಿದು, ಸುಲಿದು, ಅವಳ ಕೈಗೆ ಕೊಟ್ಟೆ. ಅದು ಅವಳ ಮೈಯಲ್ಲಿ ಎಲ್ಲಿಗೆ ಬೇಕಾದರೂ ಹೋಗಲಿ.